ಸೇನೆಯ ನಕ್ಷೆಯಲ್ಲಿ ಇಲ್ಲದ ಊರಿನಿಂದ ಬಂದ ಮಹಾದಂಡನಾಯಕ

ಹಾಸನ: ಅರಕಲಗೂಡಿನಿಂದ ಪಶ್ಚಿಮಕ್ಕೆ ಹೊರಟು ಜಿಲ್ಲೆಯ ಗಡಿ ದಾಟಿದರೆ ಸಿಗುವ ಮೊದಲ ದೊಡ್ಡ ಊರುಗಳಲ್ಲಿ ಶನಿವಾರಸಂತೆಯೂ ಒಂದು. ಆಡಳಿತದ ಲೆಕ್ಕದಲ್ಲಿ ಅದು ಕೊಡಗು. ಆದರೆ ಅಲ್ಲಿಯ ಮಾತು, ಬೇಸಾಯ, ನಂಟಸ್ತಿಕೆಗಳು ಹಾಸನದ ಕಡೆಗೇ ಹೆಚ್ಚು ಹತ್ತಿರ. 1899ರ ಜನವರಿ 28ರಂದು ಈ ಊರಿನಲ್ಲಿ, ಕಂದಾಯ ಇಲಾಖೆಯ ನೌಕರರಾಗಿದ್ದ ಮಾದಪ್ಪ ಅವರ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಮನೆಯವರು ಚಿಮ್ಮ ಎಂದು ಕರೆಯುತ್ತಿದ್ದ ಆ ಹುಡುಗನೇ ಮುಂದೆ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ.

ಅವರ ಶೌರ್ಯದ ಕಥೆಗಳು ಪ್ರತಿ ಜನವರಿ 15ರ ಸೇನಾ ದಿನದಂದು ಪುನರಾವರ್ತನೆಗೊಳ್ಳುತ್ತವೆ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ಸೇನೆಗೆ ಯಾರನ್ನು ಸೇರಿಸಿಕೊಳ್ಳಬೇಕು, ಎಲ್ಲಿಂದ ಸೇರಿಸಿಕೊಳ್ಳಬೇಕು, ಜನ ಸಾಲದಾದಾಗ ಏನು ಮಾಡಬೇಕು ಎಂಬ ಪ್ರಶ್ನೆ ಅವರ ವೃತ್ತಿಜೀವನದ ಉದ್ದಕ್ಕೂ ಬೆನ್ನು ಹತ್ತಿತ್ತು. ಅವರು ಸೇನೆ ಸೇರಿದ್ದೇ ಅಂತಹ ಒಂದು ಕೊರತೆಯ ಫಲವಾಗಿ.

ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಕೋವಿಡ್ ಕಾರಣದಿಂದ 2020ರಿಂದ ಎರಡು ವರ್ಷಗಳ ಕಾಲ ಸೇನಾ ನೇಮಕಾತಿ ಬಹುತೇಕ ಸ್ಥಗಿತಗೊಂಡಿತ್ತು. ನಿವೃತ್ತಿ ಮಾತ್ರ ನಿಲ್ಲಲಿಲ್ಲ. ಪರಿಣಾಮವಾಗಿ ಭೂಸೇನೆಯೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರ ಹಾಗೂ ಎಂಟು ಸಾವಿರದಷ್ಟು ಅಧಿಕಾರಿಗಳ ಹುದ್ದೆಗಳು ಖಾಲಿ ಇವೆಯೆಂದು 2022-23ರ ಅವಧಿಯಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಆ ಯೋಜನೆಯಡಿ ರಾಜ್ಯದ ದಕ್ಷಿಣ ಭಾಗದ ಜಿಲ್ಲೆಗಳ ಯುವಕರಿಗಾಗಿ ಅದೇ ಆಗಸ್ಟ್‌ನಲ್ಲಿ ನೇಮಕಾತಿ ರ್‍ಯಾಲಿ ನಡೆದದ್ದು ಹಾಸನ ನಗರದಲ್ಲಿ. ನೂರಿಪ್ಪತ್ತು ವರ್ಷಗಳ ಹಿಂದೆ ಇಂತಹ ದೃಶ್ಯವನ್ನು ಈ ಭಾಗದಲ್ಲಿ ಊಹಿಸುವುದೂ ಕಷ್ಟವಿತ್ತು. ಅದೇಕೆಂದು ತಿಳಿಯಲು ಕಾರ್ಯಪ್ಪನವರ ಬಾಲ್ಯದ ಕಾಲಕ್ಕೆ ಹೋಗಬೇಕು.

ಸಮರಶೂರರ ಪಟ್ಟಿ

1857ರ ದಂಗೆಯ ನಂತರ ಬ್ರಿಟಿಷರು ಭಾರತದ ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲು ಸಮರಶೂರ ಜನಾಂಗಗಳು, ಇನ್ನೊಂದು ಪಾಲು ಉಳಿದವರು. ಸಿಖ್ಖರು, ಪಂಜಾಬಿ ಮುಸಲ್ಮಾನರು, ಗೂರ್ಖರು, ಪಠಾಣರು, ಡೋಗ್ರಾಗಳು ಮೊದಲ ಪಟ್ಟಿಗೆ ಸೇರಿದರು. ದಕ್ಷಿಣದವರಿಗೆ ಆ ಪಟ್ಟಿಯಲ್ಲಿ ಜಾಗ ಕಿರಿದಾಗುತ್ತಾ ಬಂತು. ಮದ್ರಾಸ್ ಸೇನೆಯ ದಂಡನಾಯಕರಾಗಿ, ಬಳಿಕ 1885ರಿಂದ 1893ರವರೆಗೆ ಇಡೀ ಭಾರತದ ದಂಡನಾಯಕರಾಗಿದ್ದ ಲಾರ್ಡ್ ರಾಬರ್ಟ್ಸ್ ಅವರಿಗೆ ದಕ್ಷಿಣದ ಸಿಪಾಯಿಗಳ ಮೇಲೆ ಭರವಸೆ ಇರಲಿಲ್ಲ. ಅವರ ಕಾಲದಿಂದ ಮದ್ರಾಸಿನ ಪಲ್ಟಣಗಳು ಒಂದೊಂದಾಗಿ ಕರಗಿದವು ಅಥವಾ ಉತ್ತರದವರಿಂದ ತುಂಬಿಕೊಂಡವು.

ಹಾಸನ ಸೀಮೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಈ ವಿಂಗಡಣೆ ವಿಚಿತ್ರವೆನಿಸುತ್ತದೆ. ಇಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಹೊಯ್ಸಳರ ಕಾಲದಲ್ಲಿ ತುರು ಕಾಯಲು, ಊರು ಉಳಿಸಲು ಮಡಿದವರ ಕಲ್ಲುಗಳವು. ಸಕಲೇಶಪುರ ಕಡೆಯ ಬಲಂ ಪಾಳೆಯಗಾರನನ್ನು ಹಿಡಿದು ನೇಣಿಗೇರಿಸಲು ಕಂಪನಿ ಸರ್ಕಾರ 1802ರಲ್ಲಿ ದೊಡ್ಡ ಸೈನ್ಯವನ್ನೇ ತರಬೇಕಾಯಿತು. ಅಂತಹ ನೆಲದವರು ಯುದ್ಧಕ್ಕೆ ಒದಗರು ಎಂಬ ತೀರ್ಮಾನಕ್ಕೆ ಬ್ರಿಟಿಷರ ಅನುಕೂಲ ಬಿಟ್ಟರೆ ಬೇರೆ ಆಧಾರ ಕಾಣುವುದಿಲ್ಲ.

ಇನ್ನೂ ಒಂದು ತೊಡಕಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದವು. ಇಲ್ಲಿಯ ಯುವಕರಿಗೆ ಸೈನ್ಯವೆಂದರೆ ಮಹಾರಾಜರ ಸೈನ್ಯ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ನಗರವನ್ನು ವಶಪಡಿಸಿಕೊಂಡ ಕಾಳಗದಲ್ಲಿ ಜೋಧಪುರದವರೊಂದಿಗೆ ಭಾಗಿಯಾದ ಮೈಸೂರು ಲ್ಯಾನ್ಸರ್ಸ್ ಅದರ ಹೆಮ್ಮೆ. ಆದರೆ ಅದು ಸಣ್ಣ ಸೈನ್ಯ. ಸಾವಿರಾರು ಹಳ್ಳಿಗಳಿಗೆ ಉದ್ಯೋಗ ಕೊಡುವಷ್ಟು ದೊಡ್ಡದಲ್ಲ. ಪಂಜಾಬಿನಂತೆ ತಾತ, ಅಪ್ಪ, ಮಗ ಸಾಲಾಗಿ ಪಲ್ಟಣಕ್ಕೆ ಹೋಗುವ ಸಂಪ್ರದಾಯ ಇಲ್ಲಿ ಬೆಳೆಯಲಿಲ್ಲ.

ಗಡಿಯಾಚೆಯ ಕೊಡಗಿನ ಕಥೆ ಬೇರೆ. ಕೊಡವರನ್ನು ಬ್ರಿಟಿಷರು ಶೂರರೆಂದೇ ಒಪ್ಪಿದ್ದರು. ಅದೇ ನಂಬಿಕೆಯಿಂದ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸ್ ಸೇನೆಯ ಹಳೆಯ ಪಲ್ಟಣವೊಂದನ್ನು 71ನೇ ಕೂರ್ಗ್ ರೈಫಲ್ಸ್ ಎಂದು ಮಾರ್ಪಡಿಸಿದರು. ಆದರೆ ಪಲ್ಟಣ ತುಂಬುವಷ್ಟು ಜನ ಬರಲಿಲ್ಲ. 1904ರಲ್ಲಿ ಅದನ್ನು ವಿಸರ್ಜಿಸಲಾಯಿತು. ಶೂರರೆಂದು ಹೊಗಳಿದ ಮಾತ್ರಕ್ಕೆ ತುತ್ತೂರಿಯ ಕರೆಗೆ ಜನ ಓಡಿಬರುವುದಿಲ್ಲ, ಅವರಿಗೂ ಗದ್ದೆಯಿದೆ, ತೋಟವಿದೆ, ಸಂಬಳದ ಲೆಕ್ಕಾಚಾರವಿದೆ ಎಂಬುದನ್ನು ಆ ಪ್ರಕರಣ ತೋರಿಸಿತ್ತು. ಆಗ ಕಾರ್ಯಪ್ಪ ಐದು ವರ್ಷದ ಬಾಲಕ.

ಇಂದೋರಿನಿಂದ ಬಂದ ಕರೆ

ಮಾದಪ್ಪನವರ ಆರು ಮಕ್ಕಳಲ್ಲಿ ಕಾರ್ಯಪ್ಪ ಎರಡನೆಯವರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಆಟ, ಓದು ಎರಡರಲ್ಲೂ ಮುಂದು. ಸಾಮಾನ್ಯವಾಗಿ ಅಂತಹ ಹುಡುಗ ವಕೀಲನೋ ಕಂದಾಯ ಅಧಿಕಾರಿಯೋ ಆಗಬೇಕಿತ್ತು.

ಆದರೆ ಅಷ್ಟರಲ್ಲಿ ಮೊದಲ ಮಹಾಯುದ್ಧ ಬ್ರಿಟಿಷ್ ಅಧಿಕಾರಿಗಳನ್ನು ಬಲಿ ತೆಗೆದುಕೊಂಡಿತ್ತು. ಭಾರತದ ಸಿಪಾಯಿಗಳ ಸಂಖ್ಯೆ ಹತ್ತು ಲಕ್ಷ ಮೀರಿತ್ತು. ಅವರನ್ನು ಮುನ್ನಡೆಸುವ ಅಧಿಕಾರಿಗಳು ಮಾತ್ರ ಬಿಳಿಯರೇ ಆಗಿರಬೇಕೆಂಬ ನಿಯಮವಿತ್ತು. ಇತ್ತ ರಾಷ್ಟ್ರೀಯ ನಾಯಕರ ಒತ್ತಡವೂ ಹೆಚ್ಚಿತು. ಭಾರತೀಯರಿಗೂ ರಾಜನ ಕಮಿಷನ್ ಕೊಡಲು ಸರ್ಕಾರ ಒಪ್ಪಿ, ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಶಾಲೆ ತೆರೆಯಿತು. ಸುದ್ದಿ ತಿಳಿದ ಕಾರ್ಯಪ್ಪ ಅರ್ಜಿ ಹಾಕಿದರು. ಅಂತಿಮವಾಗಿ ಆಯ್ಕೆಯಾದ 42 ಮಂದಿಯಲ್ಲಿ ಅವರೂ ಒಬ್ಬರು. ತರಬೇತಿಯ ಕೊನೆಗೆ ತಂಡದಲ್ಲಿ ಏಳನೆಯವರಾಗಿ ತೇರ್ಗಡೆಯಾಗಿ, 1919ರ ಡಿಸೆಂಬರ್ 1ರಂದು ಅಧಿಕಾರಿಯಾದರು.

ಬಾಗಿಲು ತೆರೆಯಿತು, ಆದರೆ ಪೂರ್ತಿ ತೆರೆಯಲಿಲ್ಲ. ಮೊದಲು ಕೊಟ್ಟದ್ದು ತಾತ್ಕಾಲಿಕ ಕಮಿಷನ್. 1922ರಲ್ಲಿ ಅದನ್ನು ಕಾಯಂಗೊಳಿಸುವಾಗ ಹಿರಿತನವನ್ನು 1920ರ ಜುಲೈ 17ರಿಂದ ಲೆಕ್ಕ ಹಾಕಲಾಯಿತು. ಕಾರಣ ಸರಳ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಶಾಲೆಯ ತಂಡವೊಂದು ಹೊರಬಂದದ್ದು ಜುಲೈ 16ರಂದು. ಒಂದೇ ಒಂದು ದಿನದ ಅಂತರದಲ್ಲಿ ಭಾರತೀಯರು ಆ ತಂಡದವರಿಗಿಂತ ಕಿರಿಯರಾದರು. ಸರ್ಕಾರಿ ನೌಕರಿಯಲ್ಲಿ ಹಿರಿತನದ ಪಟ್ಟಿ ನೋಡಿ ಸಂಕಟಪಟ್ಟವರಿಗೆ ಈ ಒಂದು ದಿನದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅವರ ಮೊದಲ ಪಲ್ಟಣ ಮುಂಬಯಿಯಲ್ಲಿದ್ದ 88ನೇ ಕರ್ನಾಟಿಕ್ ಇನ್‌ಫೆಂಟ್ರಿಯ ಎರಡನೇ ಬೆಟಾಲಿಯನ್. ಹೆಸರು ಕೇಳಿ ನಮ್ಮವರದೇ ಪಲ್ಟಣ ಎಂದು ಬೀಗುವಂತಿಲ್ಲ. ಬ್ರಿಟಿಷರ ಬಾಯಲ್ಲಿ ಕರ್ನಾಟಿಕ್ ಎಂದರೆ ಆರ್ಕಾಟಿನ ಸೀಮೆ. ಮುಂದೆ ಮದ್ರಾಸ್ ರೆಜಿಮೆಂಟಿನ ಭಾಗವಾದ ಆ ಪಲ್ಟಣವೂ ಉಳಿಯಲಿಲ್ಲ. 1920ರ ದಶಕದಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ಇಡೀ ಮದ್ರಾಸ್ ರೆಜಿಮೆಂಟ್ ವಿಸರ್ಜನೆಗೊಂಡಿತು. ದಕ್ಷಿಣದ ಕಾಲಾಳು ಯೋಧರಿಗೆ ಸೇನೆಯಲ್ಲಿ ಸ್ವಂತದ್ದೆಂಬ ಮನೆಯೇ ಇಲ್ಲದಂತಾಯಿತು.

ಅಷ್ಟರೊಳಗೆ ಕಾರ್ಯಪ್ಪ ಬೇರೆ ಪಲ್ಟಣಗಳ ಮೂಲಕ ಮೆಸಪೊಟೇಮಿಯಾಕ್ಕೆ ಹೋಗಿಬಂದಿದ್ದರು. 1923ರ ಜೂನ್‌ನಲ್ಲಿ 7ನೇ ರಜಪೂತ್ ರೆಜಿಮೆಂಟಿನ ಮೊದಲ ಬೆಟಾಲಿಯನ್‌ಗೆ ಬಂದರು. ಅಲ್ಲಿಂದಾಚೆಗೆ ಅದೇ ಅವರ ಮನೆ. ಕೊಡಗಿನ ಅಧಿಕಾರಿ, ಉತ್ತರದ ಸಿಪಾಯಿಗಳು, ನಡುವೆ ರೋಮನ್ ಲಿಪಿಯಲ್ಲಿ ಬರೆಯುವ ಹಿಂದೂಸ್ತಾನಿ. ಆ ಭಾಷೆ ಕಾರ್ಯಪ್ಪನವರಿಗೆ ಕೊನೆಯವರೆಗೂ ಸರಾಗವಾಗಿ ಒಲಿಯಲಿಲ್ಲ ಎಂಬುದು ಸೇನೆಯಲ್ಲಿ ಪ್ರಸಿದ್ಧ. ದಕ್ಷಿಣದ ಹಳ್ಳಿಯಿಂದ ಬಂದ ಸಾಮಾನ್ಯ ಸಿಪಾಯಿಗೆ ಭಾಷೆ ಎಷ್ಟು ದೊಡ್ಡ ಗೋಡೆಯಾಗಿತ್ತೆಂಬುದನ್ನು ಇದರಿಂದ ಅಂದಾಜು ಮಾಡಬಹುದು.

ಭಾರತೀಯ ಅಧಿಕಾರಿಗಳನ್ನು ಎಂಟು ಪಲ್ಟಣಗಳಿಗೆ ಮಾತ್ರ ಸೀಮಿತಗೊಳಿಸುವ ಯೋಜನೆಯೂ 1923ರಲ್ಲೇ ಬಂತು. ಬಿಳಿಯ ಅಧಿಕಾರಿಗಳು ಭಾರತೀಯರ ಕೈಕೆಳಗೆ ದುಡಿಯುವ ಪ್ರಸಂಗ ಬಾರದಿರಲಿ ಎಂಬುದು ಅದರ ಒಳಗುಟ್ಟು. ಆ ಎಂಟರಲ್ಲಿ ಕಾರ್ಯಪ್ಪನವರ ರಜಪೂತ್ ಬೆಟಾಲಿಯನ್ ಕೂಡ ಒಂದು. ಇಂತಹ ಬೇಲಿಯೊಳಗಿದ್ದೇ ಅವರು 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಪ್ರವೇಶಿಸಿದ ಮೊದಲ ಭಾರತೀಯರಾದರು. ಮೇಜರ್ ಆಗಲು ಮಾತ್ರ 1938ರವರೆಗೆ ಕಾಯಬೇಕಾಯಿತು. ನಡುವೆ 1937ರಲ್ಲಿ ಮದುವೆಯಾಯಿತು. ಆ ದಾಂಪತ್ಯ ಬಹುಕಾಲ ಬಾಳಲಿಲ್ಲ.

ಪಟ್ಟಿ ಹರಿದ ಯುದ್ಧ

ಎರಡನೇ ಮಹಾಯುದ್ಧ ಶುರುವಾದಾಗ ಭಾರತೀಯ ಸೇನೆಯಲ್ಲಿದ್ದವರು ಸುಮಾರು ಎರಡು ಲಕ್ಷ. ಮುಗಿಯುವ ಹೊತ್ತಿಗೆ ಆ ಸಂಖ್ಯೆ 25 ಲಕ್ಷದ ಆಸುಪಾಸಿಗೆ ಬೆಳೆದಿತ್ತು. ಪಂಜಾಬ್ ಎಷ್ಟೇ ಕೊಟ್ಟರೂ ಇಷ್ಟು ದೊಡ್ಡ ಹಸಿವು ಹಿಂಗುವಂತಿರಲಿಲ್ಲ. ಸಮರಶೂರರ ಪಟ್ಟಿಯನ್ನು ಬ್ರಿಟಿಷರು ಸದ್ದಿಲ್ಲದೆ ಮಡಿಸಿಟ್ಟರು. ಕೈಬಿಟ್ಟಿದ್ದ ಮದ್ರಾಸ್ ರೆಜಿಮೆಂಟ್ ಮತ್ತೆ ಹುಟ್ಟಿತು. ಕೊಡಗಿನವರಿಗಾಗಿ ಟ್ಯಾಂಕ್ ನಿರೋಧಕ ಫಿರಂಗಿ ದಳ ಸ್ಥಾಪನೆಯಾಯಿತು. ಹಿಂದೆ ಯಾರನ್ನು ಅನರ್ಹರೆಂದು ದೂರವಿಟ್ಟಿದ್ದರೋ ಅವರೇ ಬರ್ಮಾದ ಕಾಡುಗಳಲ್ಲಿ, ಆಫ್ರಿಕದ ಮರಳಿನಲ್ಲಿ ಹೋರಾಡಿದರು. ಅಧಿಕಾರಿಗಳ ವಿಷಯದಲ್ಲೂ ಹಾಗೆಯೇ ಆಯಿತು. ಕೆಲವು ನೂರರಷ್ಟಿದ್ದ ಭಾರತೀಯ ಅಧಿಕಾರಿಗಳ ಸಂಖ್ಯೆ ಯುದ್ಧ ಮುಗಿಯುವಾಗ ಎಂಟು ಸಾವಿರದ ಸಮೀಪಕ್ಕೆ ಬಂದಿತ್ತು.

ಕಾರ್ಯಪ್ಪ 1941-42ರಲ್ಲಿ 10ನೇ ಡಿವಿಷನ್ನಿನ ಜೊತೆ ಇರಾಕ್, ಸಿರಿಯಾ, ಇರಾನ್‌ಗಳಲ್ಲಿದ್ದರು. ಯುದ್ಧರಂಗದ ಬೆನ್ನಿಗೆ ನಿಂತು ಅನ್ನ, ಇಂಧನ, ಮದ್ದುಗುಂಡು ಹೊಂದಿಸುವ ಹೊಣೆ ಅವರದು. 1942ರ ಏಪ್ರಿಲ್‌ನಲ್ಲಿ ಫತೇಗಢದಲ್ಲಿ ರಜಪೂತ್ ರೆಜಿಮೆಂಟಿನ ಹೊಸ ಮೆಷಿನ್‌ಗನ್ ಬೆಟಾಲಿಯನ್ ಕಟ್ಟುವ ಕೆಲಸ ಅವರಿಗೆ ಬಂತು. ಬೆಟಾಲಿಯನ್ ಒಂದರ ಅಧಿಪತ್ಯ ಭಾರತೀಯನೊಬ್ಬನಿಗೆ ಸಿಕ್ಕಿದ್ದು ಅದೇ ಮೊದಲು. ಹೊಸಬರನ್ನು ಕರೆತಂದು, ಬೂಟು ತೊಡಿಸಿ, ಕವಾಯತು ಕಲಿಸಿ ಪಲ್ಟಣವಾಗಿಸುವುದು ಎಂತಹ ಕೆಲಸವೆಂದು ಅವರು ಕಲಿತದ್ದು ಅಲ್ಲಿ. ನಂತರ ಅರಾಕಾನ್ ರಂಗದಲ್ಲಿ 26ನೇ ಡಿವಿಷನ್ನಿನಲ್ಲಿ ಸೇವೆ ಸಲ್ಲಿಸಿದರು. 1944ರ ನವೆಂಬರ್‌ನಲ್ಲಿ ಬ್ರಿಗೇಡಿಯರ್ ಹುದ್ದೆಗೇರಿದರು. ಯುದ್ಧಾನಂತರ ಸೇನೆ ಎಷ್ಟಿರಬೇಕು, ಹೇಗಿರಬೇಕು ಎಂಬುದನ್ನು ಪರಿಶೀಲಿಸಿದ ವಿಲ್‌ಕಾಕ್ಸ್ ಸಮಿತಿಯಲ್ಲೂ ಅವರಿದ್ದರು.

1945ರ ಕೊನೆಗೆ ವಜೀರಿಸ್ತಾನದ ಬನ್ನು ಬ್ರಿಗೇಡ್ ಅವರ ಕೈಗೆ ಬಂತು. ಅಲ್ಲಿ ಅವರ ಅಧೀನದಲ್ಲಿದ್ದ ಕರ್ನಲ್ ಒಬ್ಬರ ಹೆಸರು ಅಯೂಬ್ ಖಾನ್. ಆ ಹೆಸರು ಇಪ್ಪತ್ತು ವರ್ಷಗಳ ನಂತರ ಅವರ ಮನೆಯ ಬಾಗಿಲಿಗೇ ಬರಲಿತ್ತು.

ದೇಶ ವಿಭಜನೆಯಾದಾಗ ಸೇನೆಯೂ ಎರಡಾಯಿತು. ಪಲ್ಟಣ, ಫಿರಂಗಿ, ಕುದುರೆ, ಕಡತ ಎಲ್ಲವೂ ಹಂಚಿಕೆಯಾದವು. ಆ ಹಂಚಿಕೆಯ ಸೇನಾ ಉಪಸಮಿತಿಯಲ್ಲಿ ಕಾರ್ಯಪ್ಪ ದುಡಿದರು. ಬ್ರಿಟಿಷ್ ಅಧಿಕಾರಿಗಳು ಹಡಗು ಹತ್ತುತ್ತಿದ್ದರು. ಅವರ ಜಾಗದಲ್ಲಿ ಕೂರಬೇಕಾದ ಭಾರತೀಯರಲ್ಲಿ ಹಿರಿಯರು ಬ್ರಿಗೇಡಿಯರ್‌ಗಳಷ್ಟೆ. ನಾಲ್ಕೇ ತಿಂಗಳ ಅವಧಿಯಲ್ಲಿ ಅವರು ಬ್ರಿಗೇಡಿಯರ್ ಸ್ಥಾನದಿಂದ ಲೆಫ್ಟಿನೆಂಟ್ ಜನರಲ್ ಆದದ್ದು ಆ ಅಧಿಕಾರಿ ಕೊರತೆಯ ಇನ್ನೊಂದು ಮುಖ. 1948ರಲ್ಲಿ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಕಾಶ್ಮೀರ ಕಾರ್ಯಾಚರಣೆ ನಡೆಸಿದರು. ಜೊಜಿಲಾ ಕಣಿವೆಗೆ ಟ್ಯಾಂಕ್ ಏರಿಸಿದ ಸಾಹಸ, ದ್ರಾಸ್, ಕಾರ್ಗಿಲ್‌ಗಳ ಮರುವಶ, ಲೇಹ್‌ನ ರಕ್ಷಣೆ ಆ ವರ್ಷದ ಸಾಧನೆಗಳು. ಅಲ್ಲಿ ಅವರ ಬಲಗೈಯಾಗಿ ನಿಂತ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಕೂಡ ಕೊಡಗಿನವರೇ.

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪ ಅಧಿಕಾರ ಸ್ವೀಕರಿಸಿದರು. ಅವರಿಗೆ ಐವತ್ತು ತುಂಬಲು ಇನ್ನೂ 13 ದಿನ ಬಾಕಿ ಇತ್ತು.

ಎಲ್ಲರಿಗೂ ಒಂದು ಪಲ್ಟಣ

ಅಧಿಕಾರ ವಹಿಸಿಕೊಂಡ ವರ್ಷವೇ ಅವರು ಕೈಹಾಕಿದ ಕೆಲಸವೊಂದು ಇಂದಿನ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಆಗ ಪದಾತಿ ದಳದ ಪಲ್ಟಣಗಳು ಜಾತಿ, ಪ್ರಾಂತಗಳ ಮೇಲೆ ನಿಂತಿದ್ದವು. ಒಂದರಲ್ಲಿ ಸಿಖ್ಖರು, ಒಂದರಲ್ಲಿ ಡೋಗ್ರಾಗಳು, ಒಂದರಲ್ಲಿ ಜಾಟರು. ಕಾರ್ಯಪ್ಪ ಯಾವ ಜಾತಿ, ಯಾವ ಪ್ರಾಂತದವನಾದರೂ ಸೇರಬಹುದಾದ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ಪಡೆಯನ್ನು ಕಟ್ಟಿದರು. ಅದಕ್ಕೆ ಹೊಸಬರನ್ನಷ್ಟೇ ತುಂಬಿ ಎರಡನೇ ದರ್ಜೆಯ ಪಡೆ ಮಾಡಲಿಲ್ಲ. ಪಂಜಾಬ್, ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್, ರಜಪೂತ್ ರೆಜಿಮೆಂಟುಗಳಿಂದ ಅತ್ಯಂತ ಹಿರಿಯ ಒಂದೊಂದು ಬೆಟಾಲಿಯನ್ನನ್ನು ಕಿತ್ತು ತಂದು ಹೊಸ ಪಡೆಯ ಮೊದಲ ನಾಲ್ಕು ಬೆಟಾಲಿಯನ್‌ಗಳನ್ನಾಗಿ ಮಾಡಿದರು. ನಾಲ್ಕನೆಯದು ಅವರದೇ ಹಳೆಯ ಮನೆಯಾದ ಮೊದಲ ರಜಪೂತ್ ಬೆಟಾಲಿಯನ್. ಇನ್ನೂರು ವರ್ಷಗಳ ಹಿರಿಮೆಯ ಹೆಸರನ್ನು ಬಿಟ್ಟುಕೊಡುವುದು ಯಾವ ಪಲ್ಟಣಕ್ಕೂ ಸುಲಭವಲ್ಲ. ಪರರ ಮನೆಗೆ ಮೊದಲು ಕೈಹಾಕದೆ ತಮ್ಮದನ್ನೂ ಅದೇ ಸಾಲಿಗೆ ಸೇರಿಸಿದ್ದು ಅವರ ಮಾತಿಗೆ ತೂಕ ತಂದಿರಬೇಕೆಂಬುದು ಈ ವರದಿಗಾರನ ಅನಿಸಿಕೆ.

ಪ್ರಾದೇಶಿಕ ಸೇನೆ ಉದ್ಘಾಟನೆಯಾದದ್ದೂ ಅದೇ 1949ರ ಅಕ್ಟೋಬರ್ 9ರಂದು. ಊರಿನಲ್ಲಿದ್ದು ತನ್ನ ಉದ್ಯೋಗ ಮಾಡಿಕೊಂಡು ವರ್ಷದ ಕೆಲವು ದಿನ ಸಮವಸ್ತ್ರ ತೊಡುವ ನಾಗರಿಕ ಸೈನಿಕನ ಕಲ್ಪನೆ ಕಾರ್ಯಪ್ಪನವರಿಗೆ ಬಹಳ ಪ್ರಿಯವಾಗಿತ್ತು. ಅದರ ಹಿಂದಿನ ವರ್ಷ ಹುಟ್ಟಿದ ಎನ್‌ಸಿಸಿಯ ಬೆಳವಣಿಗೆಗೂ ಅವರು ಒತ್ತಾಸೆಯಾದರು. ಸೈನಿಕ ಮನೆತನವಿಲ್ಲದ ಊರುಗಳ ಹುಡುಗರು ಸಮವಸ್ತ್ರದ ಪರಿಚಯ ಮಾಡಿಕೊಳ್ಳುವುದು ಹೆಚ್ಚಾಗಿ ಎನ್‌ಸಿಸಿಯಿಂದಲೇ.

ಮೈಸೂರು ಮಹಾರಾಜರ ಸೈನ್ಯವೂ ಅವರ ಅವಧಿಯಲ್ಲೇ ಭಾರತೀಯ ಸೇನೆಯಲ್ಲಿ ವಿಲೀನವಾಯಿತು. ಮೊದಲ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಹಾಸನ ಸೀಮೆಯ ಯುವಕನಿಗೆ ಮಹಾರಾಜರ ಸೈನ್ಯದ ಬದಲು ಇಡೀ ದೇಶದ ಸೇನೆ ತೆರೆದುಕೊಂಡಿತು.

ಆದರೂ ಹಳೆಯ ಪಟ್ಟಿ ಒಮ್ಮೆಲೇ ಅಳಿಯಲಿಲ್ಲ. ಜಾತಿವಾರು ಭರ್ತಿಯನ್ನು ತತ್ತ್ವದಲ್ಲಿ ಕೈಬಿಟ್ಟರೂ ಹಳೆಯ ರೆಜಿಮೆಂಟುಗಳು ತಮ್ಮ ಸಂಪ್ರದಾಯ ಉಳಿಸಿಕೊಂಡವು. ಕರ್ನಾಟಕದವರು ಮದ್ರಾಸ್ ರೆಜಿಮೆಂಟ್, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯ ಮರಾಠಾ ಪದಾತಿ ದಳ, ಫಿರಂಗಿ, ಸಿಗ್ನಲ್ಸ್, ಸರಬರಾಜು ದಳಗಳಲ್ಲಿ ಹಂಚಿಹೋದರು. ಅಗ್ನಿಪಥ ಯೋಜನೆ ಬಂದಾಗ ಸರ್ಕಾರ ಹೇಳಿದ ಅಂಶಗಳಲ್ಲಿ ಒಂದು, ಮುಂದೆ ಭರ್ತಿ ಎಲ್ಲ ಪ್ರಾಂತ, ಎಲ್ಲ ವರ್ಗಗಳ ಆಧಾರದಲ್ಲಿ ನಡೆಯಲಿದೆ ಎಂಬುದು. ಕಾರ್ಯಪ್ಪ ನಾಲ್ಕು ಬೆಟಾಲಿಯನ್‌ಗಳಲ್ಲಿ ಆರಂಭಿಸಿದ್ದು ಇಡೀ ಸೇನೆಯ ನಿಯಮವಾಗಲು 73 ವರ್ಷ ಬೇಕಾಯಿತು. ಆ ಮಿಶ್ರಣದಿಂದ ಪಲ್ಟಣದ ಒಗ್ಗಟ್ಟು ಸಡಿಲವಾದೀತೆಂಬ ಆತಂಕ ಹಿರಿಯ ಸೈನಿಕರಲ್ಲಿ 1949ರಲ್ಲೂ ಇತ್ತು, 2022ರಲ್ಲೂ ಇತ್ತು. ಗಾರ್ಡ್ಸ್ ಪಡೆ ಹಲವು ಯುದ್ಧಗಳಲ್ಲಿ ಹೋರಾಡಿ ಆ ಆತಂಕಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ.

ಈಗಿನ ಕೊರತೆಯ ಬಗೆ ಬೇರೆ. ಅಗ್ನಿವೀರರಾಗಲು ಕನಿಷ್ಠ ಹದಿನೇಳೂವರೆ ವರ್ಷ, ನಾಲ್ಕು ವರ್ಷದ ಸೇವೆ, ಅದರ ನಂತರ ಕಾಯಂ ಆಗುವವರು ಗರಿಷ್ಠ ನಾಲ್ವರಲ್ಲಿ ಒಬ್ಬರು. ಮೊದಲ ವರ್ಷಕ್ಕೆ ಘೋಷಿಸಿದ್ದು 46,000 ಮಂದಿಯನ್ನು. ಎರಡು ವರ್ಷ ಮುಚ್ಚಿದ್ದ ಬಾಗಿಲ ಮುಂದೆ ವಯಸ್ಸು ಮೀರುತ್ತಾ ಕುಳಿತಿದ್ದವರಿಗಾಗಿ ಆ ಒಂದು ವರ್ಷ ಗರಿಷ್ಠ ವಯೋಮಿತಿಯನ್ನು 21ರಿಂದ 23ಕ್ಕೆ ಏರಿಸಲಾಯಿತು. ಸೈನಿಕ ಹುದ್ದೆಗೆ ಬರುವವರಿಗೆ ಬರವಿಲ್ಲ, ತೆಗೆದುಕೊಳ್ಳುವ ಸಂಖ್ಯೆಗೆ ಮಿತಿಯಿದೆ. ಅಧಿಕಾರಿ ಹುದ್ದೆಯದು ಇದಕ್ಕೆ ವಿರುದ್ಧ. ಅರ್ಜಿ ಹಾಕುವವರು ಬಹಳ, ಆಯ್ಕೆ ಮಂಡಳಿಯ ಜರಡಿಯಲ್ಲಿ ಉಳಿಯುವವರು ಕಡಿಮೆ. ಓದಿನಲ್ಲಿ ಮುಂದಿರುವ ಹುಡುಗ ಇಂಜಿನಿಯರಿಂಗ್ ಸೇರಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆಲೂಗಡ್ಡೆ, ಶುಂಠಿ, ತೆಂಗಿನ ಬೆಲೆ ಕುಸಿದ ವರ್ಷ ನೌಕರಿಯ ತುರ್ತು ಹೆಚ್ಚುತ್ತದೆ. ಆಗ ನೆನಪಾಗುವುದು ಸಿಪಾಯಿ ಭರ್ತಿಯೇ ಹೊರತು ಅಧಿಕಾರಿಯ ಪರೀಕ್ಷೆಯಲ್ಲ. ದೇಶಕ್ಕೆ ಪ್ರಧಾನಿಯನ್ನೇ ಕೊಟ್ಟ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಗಳಲ್ಲೂ ಅಧಿಕಾರಿಯಾಗಿ ಸೇನೆ ಸೇರುವ ದಾರಿಯ ಮಾಹಿತಿ ಸಲೀಸಾಗಿ ಸಿಗುತ್ತದೆ ಎನ್ನುವಂತಿಲ್ಲ.

ಅಧಿಕಾರಿ ವರ್ಗದಲ್ಲಿನ ಈ ಪ್ರಾಂತೀಯ ಅಸಮತೋಲನ ನೀಗಿಸಲೆಂದೇ 1960ರ ದಶಕದ ಆರಂಭದಲ್ಲಿ ಸೈನಿಕ ಶಾಲೆಗಳು ಹುಟ್ಟಿದವು. ರಾಜ್ಯದಲ್ಲಿ ಮೊದಲನೆಯದು 1963ರಲ್ಲಿ ವಿಜಯಪುರದಲ್ಲಿ ಆರಂಭವಾಯಿತು. ಹಾಸನ ಜಿಲ್ಲೆಯ ಗೊರೂರಿನ ಶಾಲಾ ಮಾಸ್ತರರ ಮಗ ಜಿ.ಆರ್. ಗೋಪಿನಾಥ್ ಸೇನಾಧಿಕಾರಿಯಾದದ್ದು ಆ ಶಾಲೆಯ ಮೂಲಕವೇ. 1971ರ ಯುದ್ಧ ಕಂಡ ಅವರು ಕ್ಯಾಪ್ಟನ್ ಆಗಿದ್ದಾಗಲೇ ಸೇನೆ ಬಿಟ್ಟು ಜಾವಗಲ್ ಬಳಿ ಕೃಷಿಗಿಳಿದರು, ಮುಂದೆ ವಿಮಾನಯಾನ ಸಂಸ್ಥೆ ಕಟ್ಟಿದರು. ಯುವ ಅಧಿಕಾರಿಗಳು ಬೇಗ ಹೊರನಡೆಯುವುದೂ ಕೊರತೆಯ ಲೆಕ್ಕದಲ್ಲಿ ಸೇರುವ ಬಾಬತ್ತು ಎಂಬುದನ್ನು ಇಲ್ಲಿ ನೆನೆಯಬಹುದು. 2007ರಲ್ಲಿ ಎರಡನೇ ಸೈನಿಕ ಶಾಲೆ ಕೊಡಗಿನ ಕೂಡಿಗೆಯಲ್ಲಿ ಬಂತು. ಅರಕಲಗೂಡಿನ ರಾಮನಾಥಪುರ, ಕೊಣನೂರು ಕಡೆಯವರಿಗೆ ಅದು ಬಹಳ ದೂರವೇನಲ್ಲ.

ಮಡಿಕೇರಿಯ ರೋಶನಾರ

ನಾಲ್ಕು ವರ್ಷ ಸೇನೆಯನ್ನು ನಡೆಸಿ 1953ರ ಜನವರಿಯಲ್ಲಿ ಕಾರ್ಯಪ್ಪ ನಿವೃತ್ತರಾದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಭಾರತದ ಹೈಕಮಿಷನರ್ ಆಗಿ 1956ರವರೆಗೆ ಇದ್ದು ಮಡಿಕೇರಿಯ ರೋಶನಾರ ಎಂಬ ತಮ್ಮ ಮನೆಗೆ ಮರಳಿದರು. ಅದೇ ವರ್ಷದ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅವರ ಹುಟ್ಟೂರಿಗೂ ಅರಕಲಗೂಡಿಗೂ ನಡುವೆ ಇದ್ದ ರಾಜ್ಯದ ಗಡಿ ಜಿಲ್ಲೆಯ ಗಡಿಯಾಗಿ ಇಳಿಯಿತು.

ನಿವೃತ್ತಿಯ ನಂತರ ಅವರು ಹೆಚ್ಚು ಓಡಾಡಿದ್ದು ಮಾಜಿ ಸೈನಿಕರಿಗಾಗಿ. 1962ರ ಚೀನಾ ಯುದ್ಧದ ಸೋಲಿನ ಬಳಿಕ ಸೇನೆಯನ್ನು ಅವಸರದಿಂದ ಹಿಗ್ಗಿಸಲಾಯಿತು, ತುರ್ತು ಕಮಿಷನ್ ಕೊಟ್ಟು ಸಾವಿರಾರು ಅಧಿಕಾರಿಗಳನ್ನು ಸೇರಿಸಿಕೊಳ್ಳಲಾಯಿತು. ಸೇರಿಸಿಕೊಳ್ಳುವಾಗಿನ ಅವಸರ ಬಿಡುಗಡೆಯಾದವರ ಪುನರ್ವಸತಿಯಲ್ಲಿ ಕಾಣುವುದಿಲ್ಲ ಎಂಬುದು ಹಳೆಯ ಅನುಭವ. ಪಿಂಚಣಿ ಕಡತ ಹಿಡಿದು ಕಚೇರಿ ಅಲೆಯುವ ಮಾಜಿ ಸಿಪಾಯಿಯನ್ನು ನೋಡಿದ ಹಳ್ಳಿಯ ಹುಡುಗ ಭರ್ತಿಗೆ ಹೊರಡುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ. 1964ರಲ್ಲಿ ಕಾರ್ಯಪ್ಪ ಭಾರತೀಯ ಮಾಜಿ ಸೈನಿಕರ ಸಂಘವನ್ನು ಸ್ಥಾಪಿಸಿದರು. ನಾಲ್ಕು ವರ್ಷ ಮುಗಿಸಿ ಮನೆಗೆ ಮರಳುವ ಅಗ್ನಿವೀರರ ಮುಂದಿನ ಬದುಕಿನ ಪ್ರಶ್ನೆಗೂ ಆ ಸಂಘ ಹುಟ್ಟಿದ ಕಾರಣಕ್ಕೂ ಹೆಚ್ಚು ದೂರವಿಲ್ಲ.

1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಅಧಿಕಾರಿ ನಂದಾ ಕಾರ್ಯಪ್ಪ ಅವರ ವಿಮಾನ ಪತನಗೊಂಡು ಅವರು ಪಾಕಿಸ್ತಾನದ ಸೆರೆಯಾಳಾದರು. ಆಗ ಅಲ್ಲಿಯ ಅಧ್ಯಕ್ಷರಾಗಿದ್ದವರು ಬನ್ನುವಿನ ಅದೇ ಅಯೂಬ್ ಖಾನ್. ಹಳೆಯ ಮೇಲಧಿಕಾರಿಯ ಮಗನನ್ನು ಬಿಡುಗಡೆ ಮಾಡುವ ಇಂಗಿತ ರೋಶನಾರಕ್ಕೆ ತಲುಪಿತು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತಮಗೆ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ತಮ್ಮ ಮಗನಿಗೆ ವಿಶೇಷ ಉಪಕಾರ ಬೇಡ ಎಂಬುದು ಅವರ ನಿಲುವಾಗಿತ್ತು. ಮಗ ಉಳಿದ ಸೆರೆಯಾಳುಗಳ ಜೊತೆಯಲ್ಲೇ ಮರಳಿದರು. ಸೇನೆಯ ಬಾಗಿಲಲ್ಲಿ ನಿಂತ ಸಾಮಾನ್ಯ ಕುಟುಂಬದ ತಂದೆ ತಾಯಿಗೆ ಈ ಪ್ರಸಂಗ ಕೊಡುವ ಧೈರ್ಯವನ್ನು ಯಾವ ಜಾಹೀರಾತೂ ಕೊಡಲಾರದು.

ರಾಜಕೀಯ ಅವರಿಗೆ ಒಗ್ಗಲಿಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅಧಿಕಾರದಲ್ಲಿದ್ದಾಗ ಸೇನೆ ರಾಜಕೀಯದಿಂದ ದೂರವಿರಬೇಕೆಂದು ಪಟ್ಟು ಹಿಡಿದವರು ಸ್ವತಃ ಕಣಕ್ಕಿಳಿದದ್ದನ್ನು ಅವರ ಅಭಿಮಾನಿಗಳಲ್ಲೂ ಕೆಲವರು ಮೆಚ್ಚಲಿಲ್ಲ.

1986ರಲ್ಲಿ, 87ನೇ ವಯಸ್ಸಿನಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಭಾರತೀಯ ಸೇನೆಯಲ್ಲಿ ಆ ಗೌರವ ಪಡೆದವರು ಇಬ್ಬರೇ. ಮೊದಲಿಗರು ಸ್ಯಾಮ್ ಮಾಣಿಕ್ ಷಾ. 1993ರ ಮೇ 15ರಂದು ಬೆಂಗಳೂರಿನಲ್ಲಿ ಕಾರ್ಯಪ್ಪ ನಿಧನರಾದರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಮೂರೂ ಪಡೆಗಳ ಮುಖ್ಯಸ್ಥರ ಜೊತೆ ಮಾಣಿಕ್ ಷಾ ಅವರೂ ಬಂದು ಅಂತಿಮ ನಮನ ಸಲ್ಲಿಸಿದರು.